ಅಂಚು ಎದ್ದ ನೆಲ

ಅಂಗಾಲಿಗೆ ಇದು ಎಂದೋ ಗೊತ್ತಾಗಿತ್ತು. ಕಣ್ಣು ಒಪ್ಪಿಕೊಂಡಿರಲಿಲ್ಲ, ಅಷ್ಟೆ. ಅತ್ತೆಯ ಮಂಚದ ಪಕ್ಕ ಹಾಸಿಕೊಂಡ ತನ್ನ ಹಾಸಿಗೆಯಿಂದ ಎದ್ದು ಬಚ್ಚಲ ಬಾಗಿಲವರೆಗೆ ಬರಿಗಾಲಲ್ಲಿ ನಡೆಯುವಾಗ ಒಂದೊಂದು ಹಲಗೆಯ ಅಂಚೂ ಸಣ್ಣಗೆ ಎದ್ದು, ನಾನಿದ್ದೇನೆ, ನಾನೂ ಇದ್ದೇನೆ ಎಂದು ಪಾದಕ್ಕೆ ಹೇಳುತ್ತಿತ್ತು. ಚಾಚಿದ ಅಂಗೈ ಬೊಗಸೆಯಾಗಲು ಹೊರಟಾಗ ಬೆರಳುಗಳು ಮೊದಲು ಏಳುತ್ತವಲ್ಲ, ಹಾಗೆ. ಹಿಮ್ಮಡಿ ಒಡೆದಿದೆ, ಅದಕ್ಕೇ ಹೀಗೆ ತಾಗುತ್ತಿದೆ ಎಂದುಕೊಂಡು ಅವಳು ಕಾಲಿಗೆ ಎಣ್ಣೆ ಹಚ್ಚಿಕೊಂಡಿದ್ದಳು. ಹಚ್ಚಿಕೊಳ್ಳುವಾಗಲೇ ಅದು ಸುಳ್ಳೆಂದು ಗೊತ್ತಿತ್ತು. ಈಗ ರಜೆಯ ದಿನದ ಈ ಬೆಳಿಗ್ಗೆ, ಅಮ್ಮನ ಮಾತ್ರೆಯ ಡಬ್ಬಿ ಉರುಳಿ ಮಂಚದ ಕೆಳಗೆ ಹೋಯಿತೆಂದು ಟಾರ್ಚು ಹಿಡಿದು ಮಂಡಿಯೂರಿದ ಗಂಡ ಮತ್ತೆ ಏಳಲೇ ಇಲ್ಲ. ಡಬ್ಬಿ ಅವನ ಕೈಗೆ ಸಿಕ್ಕಿತ್ತು. ಆದರೂ ಅವನು ಟಾರ್ಚನ್ನು ನೆಲಕ್ಕೆ ಮಲಗಿಸಿದ. ಬೆಳಕು ಹಲಗೆಗಳ ಮೇಲೆ ಅಡ್ಡಡ್ಡ ಹರಿದದ್ದೇ ತಡ, ಕೋಣೆಯುದ್ದಕ್ಕೂ ಸಾಲು ಸಾಲು ನೆರಳುಗಳು ಎದ್ದವು. ಉತ್ತಿಟ್ಟ ಹೊಲದ ಹಾಗೆ ಕಾಣುತ್ತಿದ್ದ ಆ ನೆಲದ ಕೊನೆಯಲ್ಲಿ, ಬಾಗಿಲ ಹತ್ತಿರ, ಅವಳು ಕಾಫಿಯ ಲೋಟ ಹಿಡಿದು ನಿಂತಿದ್ದಳು. ಲೋಟ ಬಿಸಿಯಾಗಿತ್ತು. ಕೆಳಗಿಡುವುದಕ್ಕೆ ಜಾಗ ತೋಚಲಿಲ್ಲ.

ಮರದ ನೆಲ ಹಾಸುವುದೇ ಅವನ ಕಸುಬು. ಊರಿನ ಅರ್ಧ ಮಂದಿಗೆ ಅವನು ನೆಲದ ಡಾಕ್ಟರು. ಯಾರದೋ ಮನೆಗೆ ಕಾಲಿಟ್ಟವನೇ ಮಾತಾಡುವ ಮೊದಲು ಗೆಣ್ಣಿನಿಂದ ನೆಲವನ್ನು ತಟ್ಟಿ, ತಲೆ ಓರೆ ಮಾಡಿ ಕೇಳುತ್ತಾನೆ. ಆಮೇಲೆ, ಇಲ್ಲಿ ಹೂಕುಂಡ ಇತ್ತಲ್ವಾ, ಈ ಮೂಲೆಯಲ್ಲಿ ಯಾರೋ ಒದ್ದೆ ಕೊಡೆ ಒರಗಿಸ್ತಾರೆ ನೋಡಿ ಎನ್ನುತ್ತಾನೆ. ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನೆಲದಂಥ ಚಾಡಿಕೋರ ಇನ್ನೊಬ್ಬನಿಲ್ಲ ಎಂದು ಊಟದ ಹೊತ್ತಿನಲ್ಲಿ ಅವನು ಹೇಳಿ ನಗುತ್ತಿದ್ದ. ಗಿರಾಕಿಗಳ ಜೊತೆ ಅವನು ಫೋನಿನಲ್ಲಿ ಆಡುವ ಮಾತು ಅಡುಗೆ ಮನೆಯಲ್ಲಿದ್ದ ಅವಳಿಗೆ ಬಾಯಿಪಾಠವಾಗಿಹೋಗಿತ್ತು. ಕಡಿದು ಎಷ್ಟು ವರ್ಷವಾದರೂ ಮರ ಗಾಳಿಯಿಂದ ನೀರು ಕುಡಿಯೋದು ಬಿಡಲ್ಲ ಸ್ವಾಮಿ. ಗಾಳಿ ಒಣಗಿದರೆ ಸೊರಗುತ್ತೆ, ಸಂದು ಬಿಡುತ್ತೆ. ಗಾಳಿ ಒದ್ದೆಯಾದರೆ ಊದಿಕೊಳ್ಳುತ್ತೆ, ಪಕ್ಕದ ಹಲಗೆ ಜಾಗ ಬಿಡಲ್ಲ, ಆಗ ಅಂಚು ಎತ್ತುತ್ತೆ. ನೀರು ಚೆಲ್ಲಿದ್ದಾದರೆ ಚೆಲ್ಲಿದ ಕಡೆ ಮಾತ್ರ ಏಳುತ್ತೆ. ಕೋಣೆ ಪೂರ್ತಿ ಒಂದೇ ಸಮ ಎದ್ದಿದ್ದರೆ ಅದು ಗಾಳಿ, ಬೇರೆ ಮಾತೇ ಇಲ್ಲ. ಕಿಟಕಿ ತೆಗೆದಿಡಿ, ಕಾಯಿರಿ, ತಾನಾಗೇ ಇಳಿಯುತ್ತೆ. ಎದ್ದಿರುವಾಗ ಮಾತ್ರ ಉಜ್ಜಿಸಬೇಡಿ, ಉಜ್ಜಿದ ಮೇಲೆ ಒಣಗಿದರೆ ಅಂಚು ತಗ್ಗಿ ನಡು ಉಬ್ಬುತ್ತೆ, ಆಗ ದೇವರೂ ಸರಿ ಮಾಡಲಾರ. ಇಷ್ಟೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಅವಳು ಮಾಡಿದ್ದಳು.

ಮಾಡಿದ್ದು ಇಷ್ಟೆ. ದಿನಾ ಬೆಳಿಗ್ಗೆ ಮನೆ ಏಳುವ ಮುಂಚೆ ಒಂದು ಬೆಡ್‌ಶೀಟು ಒಗೆದು, ಕೋಣೆಯೊಳಗೆ ಬೀರುವಿನಿಂದ ಕಿಟಕಿಯ ಕಂಬಿಗೆ ಕಟ್ಟಿದ ದಾರದ ಮೇಲೆ ಹರವುವುದು. ಕೆಲವು ದಿನ ಎರಡು. ಜೊತೆಗೆ ತನ್ನ ಲಂಗ, ಕೆಳಗೆ ಹಾಕಿಕೊಳ್ಳುವ ದಪ್ಪ ಬಟ್ಟೆ. ಬೀದಿಯ ಕಡೆ ಬಾಲ್ಕನಿ ಇತ್ತು, ಅಲ್ಲಿ ಗಟ್ಟಿಯಾದ ತಂತಿಯೂ ಇತ್ತು. ಆದರೆ ಎದುರು ಮನೆಯಾಕೆ ತನ್ನ ಬಾಲ್ಕನಿಯಲ್ಲಿ ನಿಂತೇ ತರಕಾರಿ ಹೆಚ್ಚುತ್ತಾಳೆ. ದಿನಾ ಬೆಡ್‌ಶೀಟು ಒಣಗಿಸುವ ಮನೆಯ ಬಗ್ಗೆ ಜನ ಏನು ಅಂದುಕೊಳ್ಳುತ್ತಾರೆ ಎಂಬುದು ಗೊತ್ತಿಲ್ಲದ್ದೇನಲ್ಲ. ಒಳಗೆ ಹರವಿ, ಕಿಟಕಿ ಮುಚ್ಚಿ, ಕೋಣೆಯ ಬಾಗಿಲು ಎಳೆದುಕೊಂಡು ಅವಳು ಕೆಲಸಕ್ಕೆ ಹೋಗುತ್ತಿದ್ದಳು. ಮೋಡ ಬಿಡದೆ ಕವಿದ ದಿನಗಳಾದ್ದರಿಂದ ಸಂಜೆ ಬಂದಾಗಲೂ ಬಟ್ಟೆಯ ಅಂಚು ತಣ್ಣಗಿರುತ್ತಿತ್ತು. ಅದರಿಂದ ಬಿಟ್ಟುಹೋದ ನೀರೆಲ್ಲ ಎಲ್ಲಿಗೆ ಹೋಯಿತು ಎಂದು ಅವಳು ಕೇಳಿಕೊಳ್ಳಲಿಲ್ಲ. ತೊಡೆಯ ಮೂಳೆ ಮುರಿದು ಮಂಚ ಹಿಡಿದ ಅತ್ತೆ ಆ ಒದ್ದೆ ಬಟ್ಟೆಗಳ ಕೆಳಗೆ ಹಗಲೆಲ್ಲ ಮಲಗಿರುತ್ತಿದ್ದರು. ಒಂದು ಸಲ, ಪಟ ಏರಿಸಿಬಿಟ್ಟೆಯಲ್ಲೇ, ಯಾವ ಕಡೆ ಹೊರಟಿದೆ ನಮ್ಮ ಹಡಗು ಎಂದು ಕೇಳಿದ್ದರು. ಅವಳು ಕೆಳತುಟಿ ಕಚ್ಚಿಕೊಂಡು ಮುಖ ತಿರುಗಿಸಿದ್ದಳು. ಅತ್ತೆ ಮತ್ತೆ ಬಟ್ಟೆಯ ಮಾತು ಎತ್ತಲಿಲ್ಲ. ಅವಳು ನಗದಿರುವುದನ್ನು ಅವರು ಎಂದಿನಿಂದ ಗಮನಿಸಿದ್ದರೋ ಏನೋ.

ನಗುವುದನ್ನು ಅವಳು ಬಿಟ್ಟಿದ್ದಳು. ಎರಡನೆಯ ಹೆರಿಗೆಯ ಮೇಲೆ ಶುರುವಾದ ಸಡಿಲ, ಕೆಮ್ಮಿದರೆ ಸೀನಿದರೆ ಒಂದೆರಡು ಹನಿ. ಎಲ್ಲ ಹೆಂಗಸರಿಗೂ ಇದ್ದದ್ದೇ ಎಂದು ತಳ್ಳಿಹಾಕಿದ್ದು, ಐವತ್ತು ದಾಟಿದ ಮೇಲೆ ನಿದ್ದೆಯನ್ನೂ ಹೊಕ್ಕಿತು. ಕಣ್ಣಿನ ಆಸ್ಪತ್ರೆಯ ಮುಂದಿನ ಮೇಜಿನಲ್ಲಿ ಕುಳಿತು ಬಂದವರಿಗೆ ಚೀಟಿ ಬರೆದುಕೊಡುವ ಕೆಲಸ ಅವಳದು. ಸುತ್ತ ಡಾಕ್ಟರುಗಳೇ. ಆದರೆ ಕಣ್ಣಿನ ಡಾಕ್ಟರಿಗೆ ಇದನ್ನು ಹೇಗೆ ಹೇಳುವುದು. ಬೇರೆಯವರಿಗೆ ಹೇಳುವುದಾದರೂ ಹೇಗೆ. ಆಸ್ಪತ್ರೆಯೊಳಗಿನ ಕನ್ನಡಕದ ಅಂಗಡಿಯ ಹುಡುಗಿ ಏನಾದರೂ ತಮಾಷೆ ಮಾಡಿದರೆ ಮೇಜಿನ ಸುತ್ತ ಎಲ್ಲರೂ ಬಿದ್ದುಬಿದ್ದು ನಗುವಾಗ ಇವಳು ಕಾಲಿಗೆ ಕಾಲು ಹೆಣೆದು, ಉಸಿರು ಹಿಡಿದು ಚೀಟಿಯ ಕಟ್ಟನ್ನು ಜೋಡಿಸುತ್ತಿದ್ದಳು. ಮೇಡಂಗೆ ನಗೋದಕ್ಕೂ ಬಿಗುಮಾನ ಎಂಬ ಮಾತು ಒಂದು ದಿನ ಕಿವಿಗೆ ಬಿತ್ತು. ಅದೇ ವಾಸಿ ಅನ್ನಿಸಿತು. ಬಿಗುಮಾನ ಎಂದುಕೊಳ್ಳಲಿ.

“ಅಮ್ಮಾ,” ಎಂದ ಗಂಡ, ಇನ್ನೂ ಮಂಡಿಯ ಮೇಲೆಯೇ. ದನಿ ತೀರ ಮೆತ್ತಗಿತ್ತು. “ಇಲ್ಲೇನಾದ್ರೂ ನೀರು ಚೆಲ್ಲುತ್ತಾ?”

ಅತ್ತೆ ಮಗನನ್ನು ನೋಡಲಿಲ್ಲ. ಬಾಗಿಲ ಕಡೆ, ಅವಳ ಕೈಯಲ್ಲಿದ್ದ ಲೋಟದ ಕಡೆ ನೋಡಿದರು. ಈಗ ಹೇಳಬೇಕು ಎಂದು ಅವಳಿಗೆ ಅನ್ನಿಸಿತು; ಹೇಳುವ ಮಾತು ಬಾಯಿಯವರೆಗೂ ಬಂದಿತ್ತು. ಲೋಟದ ಬಿಸಿ ಬೆರಳಿಗೆ ಹತ್ತಿತು. ಆ ಒಂದು ಗಳಿಗೆಯಲ್ಲಿ ಅವಳು ಮಾಡಿದ ಕೆಲಸವೆಂದರೆ ಲೋಟವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡದ್ದು.

“ನೀರಾಗಿದ್ರೆ ಚೆನ್ನಾಗಿತ್ತಪ್ಪ,” ಎಂದರು ಅತ್ತೆ. “ವಯಸ್ಸಾಯ್ತಲ್ಲ. ನಲ್ಲಿ ಹಳೇದಾದ್ರೆ ತೊಟ್ಟಿಕ್ಕುತ್ತೆ.”

ಗಂಡನ ಕಿವಿ ಕೆಂಪಾಯಿತು. ಅವನ ಮುಖದ ಮೇಲೆ ಇನ್ನೊಂದು ಏನೋ ಸರಿದುಹೋದದ್ದನ್ನೂ ಅವಳು ಕಂಡಳು: ಹೊತ್ತ ಮೂಟೆಯನ್ನು ಯಾರೋ ಹಿಂದಿನಿಂದ ಎತ್ತಿ ಹಿಡಿದ ಹಾಗೆ ಒಂದು ಹಗುರ. ಅದು ಯಾಕೆಂದು ಆಗ ತಿಳಿಯಲಿಲ್ಲ. ತಿಳಿಯಲು ಪುರಸೊತ್ತೂ ಇರಲಿಲ್ಲ, ಅವಳ ಮೈಯೇ ಹಗುರವಾಗಿತ್ತು. ಆ ಹಗುರಕ್ಕೇ ಮೊದಲು ನಾಚಿಕೆಯಾದದ್ದು. ಉಳಿದ ನಾಚಿಕೆಗಳೆಲ್ಲ ಹಿಂದಿನಿಂದ ಬಂದವು. ಅತ್ತೆಗೆ ಏನೂ ಆಗಿರಲಿಲ್ಲ. ಕುಂಟುತ್ತಾದರೂ, ಗೋಡೆ ಹಿಡಿದಾದರೂ, ಅವಳನ್ನು ಎಬ್ಬಿಸಿಯಾದರೂ ಬಚ್ಚಲಿಗೆ ಹೋಗಿಬರುವ ಹೆಂಗಸು ಅವರು. ಒಂದು ದಿನವೂ ಅವರ ಹಾಸಿಗೆ ಒದ್ದೆಯಾಗಿರಲಿಲ್ಲ. ದಾರದ ಮೇಲಿನ ಬೆಡ್‌ಶೀಟು ಯಾರದ್ದೆಂದು ಅವರು ಕೇಳಿರಲೂ ಇಲ್ಲ. ಕೆಳಗೆ ಹಾಸಿಗೆಯಲ್ಲಿ ಅವಳು ಎಚ್ಚರಗೊಂಡು, ತಣ್ಣಗಾದ ಬಟ್ಟೆಯನ್ನು ತಡವಿ ನೋಡುವ ಆ ಬೆಳಗಿನ ಜಾವಗಳಲ್ಲಿ ಮಂಚದ ಮೇಲಿನಿಂದ ಗೊರಕೆ ಕೇಳುತ್ತಿತ್ತು. ಅಷ್ಟು ಸಮನಾದ, ಅಷ್ಟು ಜೋರಾದ ಗೊರಕೆ. ನಿದ್ದೆ ಬಂದವರು ಅಷ್ಟು ಚೆನ್ನಾಗಿ ಗೊರಕೆ ಹೊಡೆಯುವುದಿಲ್ಲ ಎಂದು ಅವಳಿಗೆ ಈಗ, ಕಾಫಿ ಲೋಟ ಹಿಡಿದು ನಿಂತಾಗ ಹೊಳೆಯಿತು.

ಗಂಡ ಎದ್ದು ಗೋಡೆಯನ್ನು ಹುಡುಕಿದ. ಗಾಳಿಯ ತೇವ ತೋರಿಸುವ ದುಂಡನೆಯ ಮುಳ್ಳಿನ ಡಬ್ಬಿಯನ್ನು ಅವನು ನೆಲ ಹಾಸಿದ ದಿನ ಅಲ್ಲಿ ತೂಗುಹಾಕಿದ್ದ. ಈಗ ಅಲ್ಲಿ ಬರಿ ಮೊಳೆ ಇತ್ತು. ಡಬ್ಬಿ ಹೊರಗೆ ನಡುಮನೆಯ ಗೋಡೆಯಲ್ಲಿತ್ತು, ಅದರ ಮುಳ್ಳು ಹಸಿರು ಪಟ್ಟಿಯೊಳಗೆ ಸುಖವಾಗಿ ಕುಳಿತಿತ್ತು. ಇದನ್ಯಾಕೆ ಆಚೆ ಹಾಕಿದ್ದೀಯ ಎಂದು ಅವನು ಕೇಳಿದಾಗ ಅವಳು, ಮೊಳೆ ಸಡಿಲವಾಗಿತ್ತು ಎಂದಳು. ಅವನು ಮೊಳೆಯನ್ನು ಹಿಡಿದು ಅಲ್ಲಾಡಿಸಿ ನೋಡಿದ. ಮೊಳೆ ಅಲ್ಲಾಡಲಿಲ್ಲ. “ನಾನೇ ತೆಗೆಸಿದ್ದು ಕಣೋ,” ಎಂದರು ಅತ್ತೆ ಮಂಚದಿಂದ. “ಹಗಲೆಲ್ಲ ಒಂದೇ ಕಣ್ಣಲ್ಲಿ ನನ್ನನ್ನೇ ನೋಡ್ತಿತ್ತು. ನಿಮ್ಮಪ್ಪನೂ ಹಾಗೆ ನೋಡಿದೋರಲ್ಲ.” ಮಗ ನಕ್ಕ. ಅವಳು ನಗಲಿಲ್ಲ. ಕೈಯಲ್ಲಿದ್ದ ಕಾಫಿಯನ್ನು ಅತ್ತೆಗೆ ಕೊಟ್ಟಳು. ಕೊಡುವಾಗ ಇಬ್ಬರ ಬೆರಳೂ ತಾಗಿದವು, ಆರಿಹೋಗಿದೆ, ಇನ್ನೊಂದು ಸಲ ಬಿಸಿ ಮಾಡ್ತೀನಿ ಎಂದಳು. ಬೇಡ ಬಿಡೇ, ಇದೇ ಹದ ಎಂದು ಅತ್ತೆ ಒಂದೇ ಗುಟುಕಿಗೆ ಕುಡಿದರು.

ಹೊತ್ತು ಏರುವ ಮೊದಲೇ ನಾದಿನಿ ಬಂದಳು. ಅವಳಿಗೆ ಫೋನು ಮಾಡಿ ಹೇಳಿದವನು ಅಣ್ಣನೇ. ಬರುವಾಗ ಕಂಕುಳಲ್ಲಿ ಸುರುಳಿ ಸುತ್ತಿದ ಕಂದು ಬಣ್ಣದ ರೆಕ್ಸಿನ್ನಿತ್ತು. ನಾದಿನಿ ಕೆಟ್ಟವಳಲ್ಲ, ಆಸ್ಪತ್ರೆಯಲ್ಲಿ ಅಮ್ಮನ ಕಾಲ ಬಳಿ ಸ್ಟೂಲಿನ ಮೇಲೆ ರಾತ್ರಿಗಳನ್ನು ಕಳೆದವಳು. ಆದರೆ ಕೆಲಸ ಎಂದರೆ ಕೈಗೆ ಮೊದಲು ಸಿಕ್ಕಿದ್ದನ್ನು ಮುಗಿಸಿಬಿಡುವ ಜಾತಿ. ಅತ್ತಿಗೆ, ನೀವೊಬ್ಬರೇ ಇಷ್ಟು ದಿನ ಇದನ್ನೆಲ್ಲ ಒಗೀತಿದ್ರಾ, ನಂಗೊಂದು ಮಾತು ಹೇಳಬಾರದಿತ್ತಾ ಎಂದು ಅವಳ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು. ಅತ್ತಿಗೆಯ ಹಾಗೆ ನೋಡಿಕೊಳ್ಳೋರು ಯಾರಿದ್ದಾರಣ್ಣ ಎಂದಳು. ಆ ಹೊಗಳಿಕೆಯನ್ನು ಅವಳು ನಿಂತು ಕೇಳಿಸಿಕೊಂಡಳು. ಇಂಥದ್ದನ್ನು ಕೇಳಿಸಿಕೊಳ್ಳುವಾಗ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯದೆ ನೆಲ ನೋಡಿದಳು. ನೆಲ ನೋಡಿದ್ದು ವಿನಯದ ಹಾಗೆ ಕಂಡಿರಬೇಕು.

ರೆಕ್ಸಿನ್ನನ್ನು ಹಾಸಿದವಳೂ ಅವಳೇ. ನಾದಿನಿ ಅಮ್ಮನ ಹೆಗಲಿಗೆ ಕೈಕೊಟ್ಟು ಒಂದು ಮಗ್ಗುಲಿಗೆ ಹೊರಳಿಸಿದಳು, ಅವಳು ಸುರುಳಿಯನ್ನು ಬೆನ್ನ ಕೆಳಗೆ ತಳ್ಳಿದಳು. ಮತ್ತೆ ಈ ಮಗ್ಗುಲು. ಹೊಸ ರೆಕ್ಸಿನ್ನಿನ ವಾಸನೆ, ಅಂಗಡಿಯ ವಾಸನೆ. ಅತ್ತೆಯ ಬೆನ್ನು ಒಣಗಿತ್ತು, ಬೆಚ್ಚಗಿತ್ತು. ಅವರ ಸೀರೆ ಒಣಗಿತ್ತು. ಕೆಳಗಿನ ಹಾಸು ಮಗುವಿನ ಕೆನ್ನೆಯ ಹಾಗೆ ಒಣಗಿತ್ತು. ನಾದಿನಿಯ ಕೈಗೂ ಅದು ತಾಗಿರಬೇಕು, ಆದರೆ ಕೈ ಹೇಳಿದ್ದನ್ನು ಯಾರೂ ಕೇಳುತ್ತಿರಲಿಲ್ಲ. ತಾನು ಸೊಸೆಯಾಗಿ ಈ ಮನೆಗೆ ಬಂದ ಮೊದಲ ದಿನಗಳು ಯಾಕೋ ನೆನಪಾದವು. ಬೆಳಿಗ್ಗೆ ತಡವಾಗಿ ಎದ್ದಿದ್ದಳು, ಸಾರಿಗೆ ಉಪ್ಪು ಮರೆತಿದ್ದಳು, ಯಾರದೋ ಮುಂದೆ ಅತ್ತುಬಿಟ್ಟಿದ್ದಳು. ಬಂದ ನೆಂಟರಲ್ಲಿ ಒಬ್ಬಾಕೆ ತುಟಿ ಓರೆ ಮಾಡಿದಾಗ ಅತ್ತೆ, ಒಗ್ಗಿಕೊಳ್ಳಲಿ ಬಿಡಿ, ಏನವಸರ ಎಂದಿದ್ದರು. ಅಷ್ಟೇ ಮಾತು. ಗಂಡನೂ ಗಿರಾಕಿಗಳಿಗೆ ಅದೇ ಮಾತನ್ನು ಹೇಳುತ್ತಾನೆ. ಹಲಗೆಗಳನ್ನು ತಂದು ಹಾಸುವ ಕೋಣೆಯಲ್ಲೇ ಕಟ್ಟು ಬಿಚ್ಚಿ ಪೇರಿಸಿಡಬೇಕು, ಆ ಮನೆಯ ಗಾಳಿ ಕುಡಿಯಬೇಕು, ಒಗ್ಗಬೇಕು. ಒಗ್ಗದ ಹಲಗೆಯನ್ನು ಬಡಿದು ಕೂರಿಸಿದರೆ ಆಮೇಲೆ ನಿಮ್ಮ ಜನ್ಮಕ್ಕೂ ಸುಮ್ಮನಿರಲ್ಲ. ಆ ಮಾತನ್ನು ಅವನು ತಾಯಿಯಿಂದ ಕಲಿತನೋ, ತಾಯಿ ಅವನಿಂದ ಕಲಿತರೋ. “ಇನ್ನೊಂಚೂರು ಒಳಗೆ ತಳ್ಳೇ,” ಎಂದರು ಅತ್ತೆ ಅವಳ ಕಿವಿಯ ಹತ್ತಿರ, “ಜಾರುತ್ತೆ.” ಅವಳು ತಳ್ಳಿದಳು. ಅತ್ತೆ ಮೈ ಸರಿಸಿದಾಗ ರೆಕ್ಸಿನ್ನು ಕಿರ್ರೆಂದಿತು. “ಹಳೇ ಬಸ್ಸಿನ ಸೀಟು ಕಣೋ ಇದು,” ಎಂದು ಅವರು ಮಗನಿಗೆ ಹೇಳಿದರು. “ನಿಮ್ಮಪ್ಪ ಇದ್ದಿದ್ರೆ ಟಿಕೆಟ್ಟು ಹರೀತಿದ್ರು.” ಮಾವ ಕಂಡಕ್ಟರಾಗಿದ್ದವರು. ಅವರ ದನಿಯನ್ನು ಅತ್ತೆ ಎಷ್ಟು ಚೆನ್ನಾಗಿ ತೆಗೆಯುತ್ತಿದ್ದರೆಂದರೆ, ಮಾವ ತೀರಿಕೊಂಡ ವರ್ಷವೇ ಒಂದು ಸಂಜೆ ಇಡೀ ಮನೆ ಅಳುತ್ತಳುತ್ತ ನಕ್ಕಿತ್ತು. ಆ ದಿನ ಅವಳಿಗಿನ್ನೂ ನಗುವುದಕ್ಕೆ ಬರುತ್ತಿತ್ತು.

ಊಟದ ಮೇಲೆ ಅಣ್ಣ ತಂಗಿ ಮಾತಾಡಿಕೊಂಡರು. ನಾದಿನಿಯ ಮನೆಯಲ್ಲಿ ಟೈಲ್ಸು, ಎಷ್ಟು ಬೇಕಾದರೂ ನೀರು ಹುಯ್ದು ತೊಳೆಯಬಹುದು. ಅಮ್ಮ ಅಲ್ಲಿಗೇ ಬರಲಿ, ಇವತ್ತೇ. ಅತ್ತೆ ಜಾರಿ ತೊಡೆ ಮುರಿದುಕೊಂಡದ್ದು ಇದೇ ಕೋಣೆಯ ಹಳೆಯ ಟೈಲ್ಸಿನ ಮೇಲೆ, ಅದಕ್ಕೇ ಅವನು ಅವರು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮರದ ನೆಲ ಹಾಸಿದ್ದು ಎನ್ನುವುದನ್ನು ಯಾರೂ ಎತ್ತಲಿಲ್ಲ. ನಾದಿನಿಯ ಮನೆಯಲ್ಲಿ ಬಚ್ಚಲಿಗೆ ಮೂರು ಮೆಟ್ಟಿಲು ಇಳಿಯಬೇಕು ಎನ್ನುವುದನ್ನೂ ಎತ್ತಲಿಲ್ಲ. ಇಳಿಯಲಾರದ ಅಮ್ಮ ಅಲ್ಲಿ ಏನು ಮಾಡಬೇಕು ಎಂದು ಕೇಳಿದ್ದರೆ ರೆಕ್ಸಿನ್ನು ಇದೆಯಲ್ಲ ಎನ್ನುತ್ತಿದ್ದರು. ಈ ತನಕ ಒದ್ದೆ ಮಾಡದ ಹಾಸಿಗೆಯನ್ನು ಅತ್ತೆ ಅಲ್ಲಿ ಹೋಗಿ ಒದ್ದೆ ಮಾಡುವುದನ್ನು ಕಲಿಯುತ್ತಾರೆ ಎಂದು ಅವಳಿಗೆ ಕಂಡಿತು. “ಒಂದು ತಿಂಗಳು ಅಲ್ಲಿರಲಿ,” ಎಂದ ಗಂಡ, ಅವಳ ಕಡೆ ನೋಡದೆ. “ನೆಲ ಇಳಿಯುತ್ತಾ ನೋಡೋಣ. ಇಳಿದ್ರೆ ಗೊತ್ತಾಗುತ್ತೆ.”

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಅವಳು ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇಳಿಯುತ್ತದೆ. ಯಾಕೆಂದರೆ ನಾಳೆಯಿಂದ ಅವಳು ಆ ಕೋಣೆಯಲ್ಲಿ ಬೆಡ್‌ಶೀಟು ಹರವುವುದಿಲ್ಲ. ಮಹಡಿಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ಹರವುತ್ತಾಳೆ, ಹೇಗೋ ಮಾಡುತ್ತಾಳೆ. ಗಾಳಿ ಒಣಗುತ್ತದೆ, ಹಲಗೆಗಳು ಒಂದೊಂದಾಗಿ ಅಂಚು ಇಳಿಸಿ ಮಲಗುತ್ತವೆ, ಗಂಡ ಟಾರ್ಚು ಮಲಗಿಸಿ ನೋಡುತ್ತಾನೆ, ಒಂದು ನೆರಳೂ ಏಳುವುದಿಲ್ಲ. ಚಾಡಿ ಹೇಳುವುದರಲ್ಲಿ ಹೆಸರಾದ ನೆಲ ಆಗ ಒಂದು ಸುಳ್ಳು ಸಾಕ್ಷಿ ಹೇಳುತ್ತದೆ, ಅದನ್ನು ಇಡೀ ಮನೆ ನಂಬುತ್ತದೆ. ಅತ್ತೆಯೂ ಕೊನೆಗೆ ನಂಬಿದರೂ ನಂಬಬಹುದು. ಇಷ್ಟು ಸಲೀಸಾಗಿ ಮುಗಿಯುತ್ತದಲ್ಲ ಎನ್ನುವುದು ಅವಳನ್ನು ಹೆದರಿಸಿತು. ಕೈಯಲ್ಲಿದ್ದ ತಟ್ಟೆಯನ್ನು ಎರಡನೆಯ ಸಲ ತೊಳೆಯುತ್ತಿದ್ದಳು. ಹಿಂದಿನಿಂದ ಏನೋ ಭಾರವಾದದ್ದನ್ನು ಎಳೆತಂದ ಸದ್ದಾಯಿತು. ಹೋಗಿ ನೋಡಿದರೆ ಗಂಡ ವ್ಯಾನಿನಿಂದ ನೆಲ ಉಜ್ಜುವ ಮೆಷಿನ್ನು ತಂದು ಕೋಣೆಯ ಬಾಗಿಲಲ್ಲಿ ನಿಲ್ಲಿಸಿದ್ದ.

ಎದ್ದಿರುವಾಗ ಉಜ್ಜಬಾರದು ಅಂತ ನೀವೇ ಹೇಳ್ತೀರಲ್ಲ ಎಂದಳು. ಅವನು ವೈರು ಬಿಚ್ಚುತ್ತ, ಗಿರಾಕಿಗಳು ಬಂದು ಹೋಗೋ ಮನೆ, ನೆಲದ ಡಾಕ್ಟರ ಮನೇಲೇ ಹೀಗಿದ್ರೆ ಏನಂತಾರೆ ಎಂದ. ಅಮ್ಮ ಹೊರಟ ಮೇಲೆ ಒಂದು ಕೈ ಉಜ್ಜಿಬಿಡ್ತೀನಿ, ಮೇಲೆ ಬಣ್ಣ ಕೊಟ್ರೆ ಕಾಣಲ್ಲ. ವೈರಿನ ಗಂಟು ಅವನ ಕೈಗೆ ಬಿಚ್ಚಿಕೊಳ್ಳಲಿಲ್ಲ. ಗಂಟು ಬಿಚ್ಚುವುದರಲ್ಲಿ ಅವನಷ್ಟು ಚುರುಕಿನವರನ್ನು ಅವಳು ನೋಡಿರಲಿಲ್ಲ. ಅವನ ಬಗ್ಗಿದ ಕತ್ತು ನೋಡುತ್ತ ಅವಳಿಗೆ ಬೆಳಗಿನ ಆ ಹಗುರ ಏನೆಂದು ತಿಳಿಯಿತು. ಕೋಣೆ ಪೂರ್ತಿ ಎದ್ದಿದ್ದರೆ ಗಾಳಿ. ಊರಿಗೆಲ್ಲ ಹೇಳುವವನಿಗೆ ಇದು ಗೊತ್ತಿರಲಿಲ್ಲವೇ. ಮಂಚದ ಕೆಳಗೂ ಎದ್ದಿತ್ತು, ಬೀರುವಿನ ಕೆಳಗೂ ಎದ್ದಿತ್ತು. ಬೀರುವಿನ ಕೆಳಗೆ ಅಮ್ಮ ಹೇಗೆ ಚೆಲ್ಲುತ್ತಾರೆ. ಗೊತ್ತಿದ್ದೇ ಕೇಳಿದ್ದ. ಆ ದಿನ, ಅತ್ತೆಯನ್ನು ಆಸ್ಪತ್ರೆಯಿಂದ ಕರೆತರುವ ಮುನ್ನಾದಿನ, ಮಳೆಯಲ್ಲಿ ವ್ಯಾನಿನಿಂದ ಹಲಗೆಗಳನ್ನು ಇಳಿಸುವಾಗ ಒಂದು ತುದಿ ಹಿಡಿದವಳು ಅವಳೇ. ಬೇರೆ ಬೇರೆ ಮನೆಗಳಲ್ಲಿ ಮಿಕ್ಕ ಹಲಗೆಗಳು, ಎಲ್ಲೆಲ್ಲಿಯದೋ ಗೋಡೌನಿನ ಮೂಲೆಯವು, ಕೆನ್ನೆಗೆ ತಾಗಿದಾಗ ತಣ್ಣಗಿದ್ದವು. ಇವು ಒಗ್ಗೋದು ಬೇಡ್ವಾ ಎಂದು ಅವಳು ಕೇಳಿದ್ದಳು. ನಮ್ಮನೇದೇ ಅಲ್ವಾ, ಒಗ್ಗುತ್ತೆ ಬಿಡು, ಅಮ್ಮ ನಾಳೆ ಕಾಲಿಡಬೇಕು ಎಂದು ಅವನು ಆಗಲೇ ಬಡಿಯಲು ಕುಳಿತಿದ್ದ. ಅಮ್ಮ ಮತ್ತೆ ಜಾರದಿರಲಿ, ಕಾಲಿಗೆ ತಣ್ಣಗೆ ತಾಗದಿರಲಿ ಎಂದು ಮಾಡಿದ ಅವಸರ. ಅದನ್ನು ಮುಚ್ಚಲು ಈಗ ಅಮ್ಮನನ್ನೇ ಹಾಸಿದ್ದ. ತಾನೂ ಅಷ್ಟೆ. ಗಂಡ ಹೆಂಡತಿ ಇಬ್ಬರೂ ಒಂದೇ ಮುದುಕಿಯ ಹಿಂದೆ, ಎರಡು ಕಡೆಯಿಂದ, ಒಬ್ಬರಿಗೊಬ್ಬರು ಕಾಣದ ಹಾಗೆ ಅಡಗಿ ಕುಳಿತಿದ್ದೇವೆ ಅನ್ನಿಸಿತು. ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಅತ್ತೆಯನ್ನು ಗಾಲಿಕುರ್ಚಿಗೆ ಇಳಿಸಿ ಆಗಿತ್ತು. ಕುರ್ಚಿಗೂ ರೆಕ್ಸಿನ್ನು ಬಂದಿತ್ತು. ಕಾರಿನ ಸೀಟು ಹಾಳಾಗಬಾರದಲ್ಲ, ಅಲ್ಲಿಗೂ ಅದೇ ಎಂದು ನಾದಿನಿ ಮಡಚಿ ಹಾಕಿದ್ದಳು. ಮಡಿಲಲ್ಲಿ ಬಟ್ಟೆಯ ಚೀಲ, ಅದರ ಮೇಲೆ ಕನ್ನಡಕದ ಡಬ್ಬಿ, ಮಾತ್ರೆಯ ಡಬ್ಬಿ. ತಲೆ ಬಾಚಿಸಿಕೊಂಡು, ಶಾಲೆಗೆ ಹೊರಟ ಮಗುವಿನ ಹಾಗೆ ಕುಳಿತಿದ್ದ ಅತ್ತೆ ಕೋಣೆಯನ್ನೊಮ್ಮೆ ನೋಡಿದರು. ಖಾಲಿ ದಾರವನ್ನು ನೋಡಿದರು. ಬಚ್ಚಲಲ್ಲಿ ಬಕೆಟ್ಟಿನೊಳಗೆ ಈ ಬೆಳಿಗ್ಗೆಯ ಬೆಡ್‌ಶೀಟು ಹಿಂಡದೆ ಬಿದ್ದಿದೆ ಎಂದು ಅವಳಿಗೆ ನೆನಪಾಯಿತು. ಅವಳು ಕುರ್ಚಿಯ ಮುಂದೆ ಕುಳಿತು ಅತ್ತೆಯ ಕಾಲಿಗೆ ಚಪ್ಪಲಿ ತೊಡಿಸಿದಳು. ತೊಡಿಸುವಾಗ ಹೇಳಬೇಕೆಂದಿದ್ದಳು. ಚಪ್ಪಲಿಯ ಪಟ್ಟಿಯನ್ನು ಬಿಗಿಮಾಡಿ, ಸಡಿಲಮಾಡಿ, ಮತ್ತೆ ಬಿಗಿಮಾಡಿದಳು. ಅವಳ ನೆತ್ತಿಯ ಮೇಲೆ ಅತ್ತೆಯ ಕೈ ಒಂದು ಗಳಿಗೆ ಬಂದು ಕುಳಿತಿತು, ಕೂದಲಿಗೆ ಅಂಟಿದ ಏನನ್ನೋ ತೆಗೆಯುವ ಹಾಗೆ. “ನಾನು ಹೋದ್ಮೇಲೆ ಮಂಚದ ಮೇಲೆ ಮಲಕ್ಕೋ,” ಎಂದರು ಅವರು, ಅವಳಿಗೆ ಮಾತ್ರ ಕೇಳುವಷ್ಟು. “ಕೆಳಗೆ ಥಂಡಿ. ಥಂಡಿಗೆ ಜಾಸ್ತಿಯಾಗುತ್ತೆ.” ಏನು ಜಾಸ್ತಿಯಾಗುತ್ತದೆ ಎಂದು ಅವರು ಹೇಳಲಿಲ್ಲ. ಅವಳು ಎದ್ದು ನಿಂತಳು.

ನಾದಿನಿ ಹಿಂದಿನಿಂದ ಕುರ್ಚಿಯನ್ನು ತಳ್ಳಿದಳು. ಗಾಲಿ ಹಲಗೆಯ ಅಂಚಿಗೆ ತಗುಲಿ ನಿಂತಿತು. ಮತ್ತೆ ತಳ್ಳಿದಳು, ಒಂದು ಅಂಚು ಹತ್ತಿ ಇಳಿಯಿತು, ಇನ್ನೊಂದಕ್ಕೆ ತಗುಲಿತು. ಕುರ್ಚಿ ಹಳ್ಳ ಬಿದ್ದ ರಸ್ತೆಯಲ್ಲಿ ಹೋಗುವ ಗಾಡಿಯ ಹಾಗೆ ದಡಬಡ ಅಲುಗಾಡಿತು, ರೆಕ್ಸಿನ್ನು ಕಿರುಗುಟ್ಟಿತು, ಕನ್ನಡಕದ ಡಬ್ಬಿ ಕುಣಿಯಿತು. ಆಗ ಅತ್ತೆ ಬಲಗೈಯನ್ನು ಮೇಲೆತ್ತಿ, ಇಲ್ಲದ ಹಗ್ಗವೊಂದನ್ನು ಎರಡು ಸಲ ಜಗ್ಗಿ, ತೀರಿಕೊಂಡ ಗಂಡನ ಆ ದಪ್ಪ, ಮೂಗಿನ ದನಿಯಲ್ಲಿ ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದರು: “ಹೋಲ್ಡಾನ್, ಹೋಲ್ಡಾನ್. ಲೇಡೀಸ್ ಇಳೀತಾರೆ.”

ಹೊಟ್ಟೆಯೊಳಗಿಂದ ನಗು ಎದ್ದು ಬರುವುದು ಅವಳಿಗೆ ಗೊತ್ತಾಯಿತು. ಅದನ್ನು ಹಿಡಿಯುವ ವಿದ್ಯೆ ಅವಳಿಗೆ ಚೆನ್ನಾಗಿ ಬರುತ್ತಿತ್ತು: ಮೊದಲು ಕೆಳತುಟಿ, ಆಮೇಲೆ ತೊಡೆ, ಆಮೇಲೆ ಉಸಿರು. ತುಟಿ ಹಲ್ಲಿಗೆ ಸಿಕ್ಕಿತು. ಅತ್ತೆ ಕುರ್ಚಿಯಿಂದ ಅವಳನ್ನೇ ನೋಡುತ್ತಿದ್ದರು, ನಗದೆ, ಟಿಕೆಟ್ಟಿಗಾಗಿ ಕಾಯುವ ಕಂಡಕ್ಟರನ ಮುಖದಲ್ಲಿ. ಅವಳು ತುಟಿಯನ್ನು ಬಿಟ್ಟಳು. ಬಿಟ್ಟದ್ದು ಬೇಕೆಂದೇ, ಇದೊಂದನ್ನು ಅವಳು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ನಗು ಬಂದ ರಭಸಕ್ಕೆ ಅವಳು ಬೀರು ಹಿಡಿದುಕೊಂಡಳು. ಎಷ್ಟು ದಿನದ ನಗುವೋ, ಕಣ್ಣಿನ ಆಸ್ಪತ್ರೆಯ ಮೇಜಿನದು, ಹಡಗಿನ ಪಟದ್ದು, ಮಾವನ ದಿನದ್ದು, ಎಲ್ಲ ಸೇರಿ ಬಂತು. ನಗುವಿನ ಜೊತೆಗೇ ಅದೂ ಹೋಯಿತು, ಬೆಚ್ಚಗೆ, ತೊಡೆಯಿಂದ ಮೀನಖಂಡಕ್ಕೆ, ಪಾದಕ್ಕೆ, ನೆಲಕ್ಕೆ. ಅದು ಹರಿದುಹೋಗಲಿಲ್ಲ. ಎದ್ದ ಅಂಚುಗಳ ನಡುವೆ, ಹಲಗೆಯ ಬೊಗಸೆಯಲ್ಲಿ, ಉದ್ದಕ್ಕೆ ನಿಂತು ಕಿಟಕಿಯ ಬೆಳಕನ್ನು ಹಿಡಿದುಕೊಂಡಿತು.

ಅಯ್ಯೋ ಅಮ್ಮ ಎನ್ನುತ್ತ ನಾದಿನಿ ಮೊದಲು ಕುರ್ಚಿಯ ಕೆಳಗೆ ಬಗ್ಗಿ ನೋಡಿದಳು. ಅಲ್ಲಿ ಒಣಗಿತ್ತು. ಆಮೇಲೆ ಅವಳ ಕಣ್ಣು ನೆಲದ ಮೇಲೆ ಹರಿದು ಬಂದು ಅತ್ತಿಗೆಯ ಪಾದದ ಹತ್ತಿರ ನಿಂತಿತು, ಅಲ್ಲಿಂದ ಮೇಲೆ ಬರಲಾರದೆ ಅಲ್ಲೇ ಉಳಿಯಿತು. ನಗು ಎಲ್ಲಿ ನಿಂತಿತೆಂದು ಅವಳಿಗೆ ತಿಳಿಯಲಿಲ್ಲ. ಮುಖ ಕಿವಿ ಕತ್ತು ಸುಡುತ್ತಿದ್ದವು.

“ನಾನು,” ಎಂದಳು. “ಅತ್ತೆ ಅಲ್ಲ. ಮೊದಲಿಂದ್ಲೂ ನಾನೇ. ಬೆಡ್‌ಶೀಟೂ ನಂದೇ.”

ಮರದ ನೆಲದ ಮೇಲೆ ನೀರು ಬಿದ್ದರೆ ಗಂಡ ಯಾರ ಮನೆಯಲ್ಲಿದ್ದರೂ, ಯಾರ ಜೊತೆ ಮಾತಾಡುತ್ತಿದ್ದರೂ, ಹೆಗಲ ಮೇಲಿನ ಬಟ್ಟೆ ಎ‌ಳೆದು ಮೊದಲು ಒರೆಸುವವನು. ಈಗ ಅವನು ನೆಲ ನೋಡಲಿಲ್ಲ. ಅವಳ ಮುಖ ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ ಅವಳೇ ತಾಳಲಾರದೆ, ಒರೆಸಿ, ಹಲಗೆ ಕುಡಿಯುತ್ತೆ ಎಂದಳು. ಆಗ ಅವನು ಮಂಡಿಯೂರಿದ. ಬಟ್ಟೆಯನ್ನು ಒತ್ತಿ, ಎತ್ತಿ, ಮರದ ಗೆರೆಯುದ್ದಕ್ಕೆ ಒರೆಸಿದ. ಅವಳ ಪಾದದ ಹತ್ತಿರ ಬಂದಾಗ ಪಾದವನ್ನೂ ಒರೆಸಿ ಮುಂದೆ ಹೋದ. ತಲೆಯೆತ್ತಲಿಲ್ಲ. “ಚೆಲ್ಲಿದ್ರಿಂದ ಎದ್ದ ನೆಲ ಅಲ್ಲ ಇದು,” ಎಂದ. “ನಂಗೆ ಬೆಳಿಗ್ಗೇನೇ ಗೊತ್ತಿತ್ತು. ನಾನು ಹಲಗೆ ಒಗ್ಗೋಕೆ ಬಿಡ್ಲಿಲ್ಲ. ಅಮ್ಮನ್ನ ಕೇಳ್ಬಾರದಿತ್ತು.” ಅಲ್ಲ, ಒದ್ದೆ ಬಟ್ಟೆ ಹರವಿದ್ದು ನಾನು, ಡಬ್ಬಿ ತೆಗೆದು ಆಚೆ ಹಾಕಿದ್ದೂ ನಾನು ಎಂದು ಅವಳು ಹೇಳಹೊರಟಳು. ಯಾರ ಪಾಲು ಎಷ್ಟೆಂದು ನೆಲವನ್ನು ಕೇಳಿದರೆ ಅದು ಹೇಳುತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಒದ್ದೆ ಒಂದೇ. ನಾದಿನಿ ಕಿಟಕಿಯ ಹತ್ತಿರ ಹೋಗಿ ಸುಮ್ಮನೆ ಅದನ್ನು ತೆಗೆಯಲು ನೋಡುತ್ತಿದ್ದಳು. ಊದಿಕೊಂಡ ಬಾಗಿಲು ಚೌಕಟ್ಟನ್ನು ಕಚ್ಚಿ ಹಿಡಿದಿತ್ತು. ಅಂಗೈಯಿಂದ ಗುದ್ದಿದಳು, ಮತ್ತೆ ಗುದ್ದಿದಳು, ಅದು ದಡ್ಡೆಂದು ತೆರೆದುಕೊಂಡಾಗ ಬೀದಿಯ ಸದ್ದೆಲ್ಲ ಒಮ್ಮೆಗೇ ಒಳಗೆ ಬಂತು. ಎದುರು ಬಾಲ್ಕನಿಯಾಕೆ ತರಕಾರಿಯಿಂದ ತಲೆಯೆತ್ತಿ ನೋಡಿದಳು.

“ಮೊದ್ಲು ಈ ಬಸ್ಸಿನ ಸೀಟು ತೆಗೀರಪ್ಪ,” ಎಂದರು ಅತ್ತೆ. “ಬೆವರುತ್ತೆ.”

ಅವಳು ಅವರ ಮುಂದೆ ಹಾದು ಬಚ್ಚಲ ಕಡೆ ಹೊರಟಳು. ಲಂಗ ಕಾಲಿಗೆ ಅಂಟಿಕೊಂಡಿತ್ತು. ಬಕೆಟ್ಟಿನಲ್ಲಿ ಬೆಡ್‌ಶೀಟು ಇತ್ತು, ಅದನ್ನು ಹಿಂಡಬೇಕು, ಬಾಲ್ಕನಿಗೆ ಒಯ್ಯಬೇಕು. ಎದುರಿನಾಕೆ ಅಲ್ಲೇ ಇರುತ್ತಾಳೆ. ನೆಲ ಇಳಿಯಲು ಎಷ್ಟು ಕಾಲ ಬೇಕೋ, ಇಳಿಯುತ್ತದೋ ಇಲ್ಲವೋ. ಮೂವರ ಕಣ್ಣೂ ಬೆನ್ನ ಮೇಲಿದೆ ಎಂದುಕೊಂಡು ನಡೆಯುವಾಗ ಒಂದೊಂದು ಅಂಚೂ ಅಂಗಾಲಿಗೆ ತಾಗಿತು, ಒಂದನ್ನೂ ಬಿಡದೆ. ಬಚ್ಚಲ ಬಾಗಿಲು ಮುಟ್ಟಿದಾಗ ಹಿಂದಿನಿಂದ ಆ ದಪ್ಪ, ಮೂಗಿನ ದನಿ ಕೇಳಿತು. ಈ ಸಲ ಅದು ಜೋರಾಗಿರಲಿಲ್ಲ.

“ರೈಟ್.”